ಖುರಾಕು ಕೊಡುವ ಕೈ

ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರು ಕಡೆಯ ಹಳ್ಳಿಗಳಲ್ಲಿ ಹಿಂದೆ ಮನೆಯ ಹುಡುಗನೊಬ್ಬ ಪೈಲ್ವಾನಕಿಗೆ ಇಳಿದನೆಂದರೆ ಮೊದಲು ಏಳುತ್ತಿದ್ದ ಮಾತು ಖುರಾಕಿನದು. ಪಟ್ಟು, ಪಂದ್ಯಗಳ ಮಾತು ಆಮೇಲೆ. ಸಾಮು ಮಾಡುವ ಮೈಗೆ ಜೋಳದ ರೊಟ್ಟಿ, ಪುಂಡಿಪಲ್ಯ ಸಾಲದು. ಹಾಲು ಬೇಕು, ತುಪ್ಪ ಬೇಕು, ನೆನೆಸಿದ ಕಡಲೆ, ಬಾದಾಮಿ, ಉತ್ತತ್ತಿ ಬೇಕು. ತಿನ್ನುವ ಮನೆಯಾದರೆ ತತ್ತಿ, ಮಾಂಸವೂ ಬೇಕು. ಹಿತ್ತಲಲ್ಲಿ ಎಮ್ಮೆ ಇದ್ದರೆ ಅದರ ಹಾಲು ಅಂದಿನಿಂದ ಮಾರಾಟಕ್ಕೆ ಹೋಗುತ್ತಿರಲಿಲ್ಲ. ಎಮ್ಮೆ ಇಲ್ಲದ ಮನೆಯ ಹುಡುಗನಲ್ಲಿ ಕಸುವು ಕಂಡರೆ ಊರಿನ ಅನುಕೂಲಸ್ಥರೊಬ್ಬರು ದಿನಕ್ಕಿಷ್ಟು ಹಾಲು ತಮ್ಮ ಮನೆಯಿಂದ ಎಂದು ಹೊಣೆ ಹೊರುತ್ತಿದ್ದರು.

ಖುರಾಕು ಎಂದರೆ ಪೈಲ್ವಾನನ ಆಹಾರ. ಅದನ್ನು ಕೊಡುವ ಕೈ ಯಾವುದು, ಆ ಕೈಗೆ ಹುಡುಗನ ಮೇಲೆ ಎಷ್ಟು ಕಾಳಜಿ ಎಂಬುದರ ಮೇಲೆ ಅವನ ಬದುಕು ನಿಂತಿರುತ್ತಿತ್ತು. ಕನ್ನಡ ನಾಡಿನ ಕುಸ್ತಿಯ ಒಂಬತ್ತು ಶತಮಾನಗಳನ್ನು ಈ ಒಂದು ಕೈಯನ್ನು ಹಿಂಬಾಲಿಸಿಯೇ ನೋಡಬಹುದು. ಇಂದು ಓಟಗಾರರು, ಕಬಡ್ಡಿ ಆಟಗಾರರು, ಕುಸ್ತಿಪಟುಗಳು ಉದ್ದೀಪನ ಮದ್ದು, ನೋವಿನ ಮಾತ್ರೆ, ಗುಟ್ಕಾ, ಮದ್ಯಗಳ ನಡುವೆ ತಮ್ಮ ಮೈಯನ್ನು ಕಾಯ್ದುಕೊಳ್ಳಬೇಕಾದ ಹೊತ್ತಿನಲ್ಲಿ ಈ ಹಳೆಯ ಕಥೆ ಮತ್ತೆ ಕೆಲಸಕ್ಕೆ ಬರುತ್ತದೆ.

ಮೊದಲು ಆ ಕೈ ಅರಸನದಾಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಎಂಬ ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ದರ್ಜೆಗಳಾಗಿ ವಿಂಗಡಿಸಬೇಕೆಂದು ಅದರಲ್ಲಿ ಹೇಳಿದೆ. ಭಾರ ಎತ್ತುವ ಭಾರಶ್ರಮ, ನಡೆದಾಟದ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮಗಳ ಹೆಸರುಗಳಿವೆ. ಇಂದಿನ ಮಲ್ಲಕಂಬದ ಅತಿ ಹಳೆಯ ಉಲ್ಲೇಖ ಈ ಸ್ತಂಭಶ್ರಮವೇ ಎನ್ನುತ್ತಾರೆ. ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಸಿಹಿ ತಿನಿಸು ಅರಮನೆಯಿಂದಲೇ ಹೋಗಬೇಕು. ಅವರನ್ನು ಅರಮನೆಯ ಹೆಂಗಸರಿಂದ ದೂರ ಇರಿಸಬೇಕು, ಅವರ ಗಮನವೆಲ್ಲ ಮೈ ಬೆಳೆಸುವುದರ ಮೇಲೇ ಇರಬೇಕು.

ವೃತ್ತಿಯ ಕ್ರೀಡಾಳು ಏನು ತಿನ್ನಬೇಕು, ಹೇಗೆ ಬದುಕಬೇಕು ಎಂದು ಕನ್ನಡದ ದೊರೆಯೊಬ್ಬ ಸುಮಾರು 900 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದು ಹೆಮ್ಮೆಯ ಮಾತು. ಅದಕ್ಕಿಂತ ಮುಖ್ಯವಾದದ್ದು, ತಿನ್ನಿಸುವುದು ಮತ್ತು ಕಣ್ಣಿಡುವುದು ಎರಡೂ ಅಲ್ಲಿ ಒಬ್ಬನದೇ ಹೊಣೆ. ಹಾಲು ಕೊಟ್ಟವನೇ ಹುಡುಗ ಎಲ್ಲಿ ಮಲಗುತ್ತಾನೆ ಎಂದೂ ನೋಡುತ್ತಿದ್ದ.

‘ಮಾನಸೋಲ್ಲಾಸ’ದ ಮಲ್ಲರಲ್ಲಿ ಒಂದು ದರ್ಜೆಗೆ ಜ್ಯೇಷ್ಠಿಕ ಎಂದು ಹೆಸರು. ಕನ್ನಡದ ಜಟ್ಟಿ ಎಂಬ ಮಾತಿಗೆ ವಿದ್ವಾಂಸರು ಇದರ ನಂಟು ಹೇಳುತ್ತಾರೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವವರು ಇಂದಿಗೂ ಜೆಟ್ಟಿ ಮನೆತನದವರೇ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಕನ್ನಡಿಗರ ಬಾಯಲ್ಲಿ ಉಳಿದಿರುವಷ್ಟು ಕಾಲ ಆ ಹೆಸರಿಗೆ ಸಾವಿಲ್ಲ.

ಉತ್ತರ ಕರ್ನಾಟಕದಲ್ಲಿ ಮಾತು ಬದಲಾಯಿತು. ಮಲ್ಲ ಹೋಗಿ ಪೈಲ್ವಾನ ಬಂದ, ಗುರು ಹೋಗಿ ವಸ್ತಾದ ಬಂದ, ಆಹಾರ ಖುರಾಕಾಯಿತು. ಮೂರೂ ಫಾರ್ಸಿ ಮೂಲದ ಮಾತುಗಳು. ಬಿಜಾಪುರದ ಆದಿಲ್‌ಶಾಹಿ, ಆಮೇಲೆ ಮರಾಠರ ಆಳ್ವಿಕೆ ಈ ಸೀಮೆಯ ಕಣದಲ್ಲಿ ಬಿಟ್ಟುಹೋದ ಹೆಜ್ಜೆಗಳಿವು. 20ನೇ ಶತಮಾನದ ಮೊದಲಿಗೆ ಖುರಾಕಿನ ದೊಡ್ಡ ಕೈ ಕೊಲ್ಲಾಪುರದ ಶಾಹು ಮಹಾರಾಜರದು. 1874ರಲ್ಲಿ ಹುಟ್ಟಿ 1922ರಲ್ಲಿ ತೀರಿಕೊಂಡ ಅವರು ತಮ್ಮ ಊರಿನ ತಾಲೀಮುಗಳಿಗೆ ಆಸರೆಯಾದರು, ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದರು. ಬೆಳಗಾವಿ, ಧಾರವಾಡ ಕಡೆಯ ಪೈಲ್ವಾನರಿಗೆ ಕೊಲ್ಲಾಪುರದ ಮಣ್ಣು ತವರಿನಂತಾಯಿತು. ಅದೇ ಕಾಲದಲ್ಲಿ, 1910ರಲ್ಲಿ, ಗಾಮಾ ಪೈಲ್ವಾನ ಲಂಡನ್ನಿಗೆ ಹೋಗಿ ಪೋಲೆಂಡಿನ ಸ್ಟಾನಿಸ್ಲಾಸ್ ಝಬಿಸ್ಕೊನನ್ನು ಗಂಟೆಗಟ್ಟಲೆ ನೆಲಕ್ಕೆ ಅಮುಕಿ ಹಿಡಿದು ಬಂದ. 1928ರಲ್ಲಿ ಪಟಿಯಾಲದಲ್ಲಿ ಅದೇ ಝಬಿಸ್ಕೊನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದ. ಗಾಮಾ ಎಷ್ಟು ಸೇರು ಹಾಲು ಕುಡಿಯುತ್ತಿದ್ದ, ಎಷ್ಟು ಸಾವಿರ ಬೈಠಕ್ ಹೊಡೆಯುತ್ತಿದ್ದ ಎಂಬ ಕಥೆಗಳು ಹಳ್ಳಿಯ ಗರಡಿಗಳವರೆಗೂ ಹರಿದು ಬಂದು, ಪ್ರತಿ ಊರಿನಲ್ಲೂ ಒಂದಿಷ್ಟು ಬೆಳೆದವು.

ಗರಡಿಮನೆಯ ಒಳಗೆ ಒಮ್ಮೆ ಹೋಗಿ ನಿಲ್ಲಬೇಕು. ಬಾಗಿಲು ಗಿಡ್ಡ. ಎಂಥ ಎತ್ತರದ ಆಳಾದರೂ ತಲೆ ಬಗ್ಗಿಸಿಯೇ ಒಳಗೆ ಕಾಲಿಡಬೇಕು. ಕಿಟಕಿ ಇದ್ದರೆ ಒಂದು, ಅದೂ ಸಣ್ಣದು. ಎದುರು ಗೋಡೆಯ ಗೂಡಿನಲ್ಲಿ ಹನುಮಪ್ಪ, ಅವನ ಮುಂದೆ ಎಣ್ಣೆಯ ದೀಪ. ಮೂಲೆಯಲ್ಲಿ ಕಟ್ಟಿಗೆಯ ಕರೇಲ, ಗದೆ, ಕೈಯಾಡಿ ಆಡಿ ನುಣುಪಾದ ಕಲ್ಲಿನ ಗುಂಡು. ನಡುವೆ ಕಣ. ಕಣದ ಮಣ್ಣನ್ನು ಜರಡಿ ಹಿಡಿದು, ಹರಳು ಆರಿಸಿ, ಎಣ್ಣೆ, ಮಜ್ಜಿಗೆ, ಲಿಂಬೆಹಣ್ಣಿನ ರಸ, ಅರಿಸಿನ ಕಲಸಿ ಹದ ಮಾಡಿರುತ್ತಾರೆ. ದಿನಾ ಬೆಳಗಿನ ಜಾವ ಹುಡುಗರೇ ಸಲಿಕೆ ಹಿಡಿದು ಆ ಮಣ್ಣನ್ನು ಮಗುಚಬೇಕು. ಆ ಕೆಲಸವೇ ಮೊದಲ ಸಾಮು. ಅರ್ಧ ಗಂಟೆ ಮಗುಚುವಷ್ಟರಲ್ಲಿ ಹೆಗಲು ಬಿಸಿಯಾಗುತ್ತದೆ, ಬೆವರು ಕಣಕ್ಕೆ ಬೀಳುತ್ತದೆ. ಆಮೇಲೆ ದಂಡ, ಬಸ್ಕಿ, ಆಮೇಲೆ ಜೋಡಿ ಹಿಡಿಯುವುದು. ಬೆಳಕು ಹರಿದು ದನ ಮೇಯಲು ಹೊರಡುವ ಹೊತ್ತಿಗೆ ಸಾಮು ಮುಗಿದು, ಮೈಯ ಮಣ್ಣು ಒಣಗಿ, ಹುಡುಗರು ಹೊಲದ ದಾರಿ ಹಿಡಿದಿರುತ್ತಿದ್ದರು.

ಹಾವೇರಿ ಸೀಮೆಯಲ್ಲಿ ಹನುಮಪ್ಪನಿಗೆ ಕೊರತೆಯಿಲ್ಲ. ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ಕಾಂತೇಶ, ಹಿರೇಕೆರೂರು ಕಡೆಯ ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಈ ಮೂವರನ್ನು ಒಂದೇ ದಿನದಲ್ಲಿ ನೋಡಿಬರುವ ಹರಕೆ ಹೊರುವವರು ಈಗಲೂ ಇದ್ದಾರೆ. ಬ್ರಹ್ಮಚಾರಿ ದೇವರ ಮುಂದೆ ಲಂಗೋಟಿ ಕಟ್ಟಿದ ಹುಡುಗನಿಗೆ ಕೆಲವು ಕಟ್ಟುಗಳು ತಾವಾಗಿಯೇ ಬರುತ್ತಿದ್ದವು. ಬೀಡಿ ಮುಟ್ಟುವಂತಿಲ್ಲ, ಹೆಂಡ, ಸಾರಾಯಿಯ ಕಡೆ ಸುಳಿಯುವಂತಿಲ್ಲ, ಎಲೆ ಅಡಿಕೆಯೂ ಬೇಡ. ಊರಿಗೆ ನಾಟಕ ಕಂಪನಿ ಬಂದರೆ ಇಡೀ ಊರು ಬೆಳಗಿನವರೆಗೆ ನಾಟಕ ನೋಡಿದರೂ ಗರಡಿಯ ಹುಡುಗ ಹೊತ್ತಿಗೆ ಮಲಗಬೇಕು. ಇದನ್ನೆಲ್ಲ ಯಾರೂ ಬರೆದು ಗೋಡೆಗೆ ಅಂಟಿಸಿರಲಿಲ್ಲ. ವಸ್ತಾದ ಮುಂಜಾನೆ ಹುಡುಗನ ಹೆಗಲ ಮೇಲೆ ಕೈಯಿಟ್ಟು, “ಯಾಕೋ ತಮ್ಮಾ, ಮೈ ಭಾರ ಆಗೇತಿ, ರಾತ್ರಿ ಎಲ್ಲಿದ್ದಿ?” ಎಂದು ಕೇಳಿದರೆ ಮುಗಿಯಿತು. ಸುಳ್ಳು ಹೇಳಲು ಬಾಯಿ ಬರುತ್ತಿರಲಿಲ್ಲ.

ಇವನ್ನು ಬರೀ ಮಡಿವಂತಿಕೆ ಎಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಹೊತ್ತಿಗೆ ನಿದ್ದೆ, ಕಂಡವರು ಕೊಟ್ಟದ್ದನ್ನು ತಿನ್ನದ ಶಿಸ್ತು, ದಿನಾ ಒಬ್ಬ ಹಿರಿಯನ ಕಣ್ಣು, ಸುತ್ತ ಅದೇ ವ್ರತ ಹಿಡಿದ ಹತ್ತು ಹುಡುಗರು. ಚಟಕ್ಕೆ ಬಿದ್ದವರನ್ನು ಎತ್ತಲು ಇಂದಿನ ವೈದ್ಯರು ಕಟ್ಟಿಕೊಡಲು ಹೆಣಗುವುದು ಇಂಥದೇ ಆವರಣವನ್ನು. ಗರಡಿಯಲ್ಲಿ ಅದು ಹುಡುಗ ಬೀಳುವ ಮುಂಚೆಯೇ ಸಿದ್ಧವಾಗಿರುತ್ತಿತ್ತು.

ಹಾಗೆಂದು ಗರಡಿಯಲ್ಲಿ ಎಲ್ಲವೂ ಹಾಲಿನಷ್ಟು ಬೆಳ್ಳಗಿರಲಿಲ್ಲ. ಉತ್ತರ ಭಾರತದ ಅಖಾಡಗಳಲ್ಲಿ ಬಾದಾಮಿ, ಗಸಗಸೆ ಅರೆದ ಥಂಡಾಯಿಗೆ ಭಂಗಿ ಸೊಪ್ಪು ಬೆರೆಸುವ ರೂಢಿ ಕೆಲವು ಕಡೆ ಇತ್ತು. ಅಲ್ಲಿನ ಒಳ್ಳೆಯ ಗುರುಗಳು ಅದನ್ನು ಬೈಯುತ್ತಿದ್ದರೂ ಅದು ಪೂರ್ತಿ ಹೋಗಲಿಲ್ಲ. ಹೆಣ್ಣುಮಕ್ಕಳಿಗೆ ಗರಡಿಯ ಗಿಡ್ಡ ಬಾಗಿಲು ಮುಚ್ಚಿಯೇ ಇತ್ತು. ಹಳಿಯಾಳ, ಗದಗಿನ ಹುಡುಗಿಯರು ಕುಸ್ತಿಯ ಮ್ಯಾಟ್ ಏರಿದ್ದು ತೀರ ಈಚೆಗೆ. ಇನ್ನೊಂದು ದೋಷ ಹೆಚ್ಚು ಆಳದ್ದು. ವಸ್ತಾದ ಕೊಟ್ಟದ್ದನ್ನು ಏನೆಂದು ಕೇಳದೆ ಕುಡಿಯಬೇಕು ಎಂಬ ಪಾಠವೂ ಗರಡಿಯದೇ. ಕೊಡುವವನು ಒಳ್ಳೆಯವನಾಗಿದ್ದಷ್ಟು ಕಾಲ ಆ ಪಾಠ ಹುಡುಗನನ್ನು ಕಾಯಿತು. ಮುಂದೆ ಅದೇ ಪಾಠ ಎಷ್ಟು ದುಬಾರಿಯಾಯಿತು ಎಂಬುದಕ್ಕೆ ಒಬ್ಬ ಕನ್ನಡತಿಯ ಕಥೆಯೇ ಇದೆ.

ಅದಕ್ಕೆ ಮೊದಲು ಗರಡಿಯ ಹೊರಗಿನ ಊರನ್ನೂ ನೋಡಬೇಕು. ಬ್ಯಾಡಗಿಯ ಪೇಟೆಗೆ ಹೆಸರು ತಂದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕ ಖಂಡದಿಂದ ಈ ಕರಾವಳಿಗೆ ಬಂದದ್ದು. ಅದೇ ಹಡಗುಗಳು ಇಳಿಸಿದ ಇನ್ನೊಂದು ಸರಕು ಹೊಗೆಸೊಪ್ಪು. ಅಕ್ಬರನ ದೂತ ಅಸದ್ ಬೇಗ್ 17ನೇ ಶತಮಾನದ ಮೊದಲ ವರ್ಷಗಳಲ್ಲಿ ಬಿಜಾಪುರಕ್ಕೆ ಬಂದಾಗ ಹೊಗೆಸೊಪ್ಪನ್ನು ಕಂಡು ಬೆರಗಾಗಿ, ಚಿಲುಮೆಯ ಸಮೇತ ಒಯ್ದು ಬಾದಶಹನ ಮುಂದಿಟ್ಟ. ಮೊಗಲರ ಆಸ್ಥಾನ ಹೊಗೆಸೊಪ್ಪಿನ ರುಚಿ ನೋಡಿದ್ದು ಕನ್ನಡ ನಾಡಿನಿಂದ ಹೋದ ಸರಕಿನಿಂದ. ಮೆಣಸಿನಕಾಯಿ ಈ ಸೀಮೆಯ ಹೊಲಕ್ಕೆ ಹೊನ್ನು ತಂದಿತು. ಹೊಗೆಸೊಪ್ಪು ಬೀಡಿಯಾಗಿ, ನಶ್ಯವಾಗಿ, ಕೊನೆಗೆ ಗುಟ್ಕಾ ಚೀಟಿಯಾಗಿ ಹುಡುಗರ ಜೇಬಿಗೆ ಇಳಿಯಿತು. 2013ರ ಮೇ ತಿಂಗಳಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಆದರೂ 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ರಾಜ್ಯದ ವಯಸ್ಕರಲ್ಲಿ ಶೇ 22.8 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಹೊಗೆಯಿಲ್ಲದ ತಂಬಾಕು ಅಗಿಯುವವರ ಪಾಲೇ ಅದರಲ್ಲಿ ದೊಡ್ಡದು.

ಮದ್ಯದ ಕಥೆಗೆ ಈ ಜಿಲ್ಲೆಯ ನೆಲದಲ್ಲಿ ರಕ್ತದ ಕಲೆಯಿದೆ. ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯ ಭಾಗ. 1921ರ ಜುಲೈ 1ರಂದು ಧಾರವಾಡದಲ್ಲಿ ಸಾರಾಯಿ ಅಂಗಡಿಯ ಮುಂದೆ ಪಿಕೆಟಿಂಗ್ ನಡೆಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಎರಡು ವರ್ಷಗಳ ನಂತರ, 1923ರ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ನಾ.ಸು. ಹರ್ಡೀಕರರು ಕಟ್ಟಿದ ಸಂಘಟನೆ ಮುಂದೆ ಹಿಂದೂಸ್ತಾನಿ ಸೇವಾದಳವಾಗಿ ಹುಬ್ಬಳ್ಳಿಯಲ್ಲಿ ಬೇರೂರಿತು. ಕವಾಯತು, ವ್ಯಾಯಾಮ, ಶುಚಿಯಾದ ಬದುಕು ಅದರ ದೀಕ್ಷೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವ 1930ರಲ್ಲಿ ಗಾಂಧೀಜಿಯ ಜತೆ ದಂಡಿಗೆ ನಡೆದಾಗ ಇನ್ನೂ ಇಪ್ಪತ್ತು ತುಂಬದ ತರುಣ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದಾಗ 32 ದಾಟಿರಲಿಲ್ಲ. ಆ ತಲೆಮಾರಿಗೆ ಗಟ್ಟಿ ಮೈ, ಚಟವಿಲ್ಲದ ಬದುಕು, ಸ್ವರಾಜ್ಯ ಮೂರೂ ಒಂದೇ ಹಗ್ಗದ ಎಳೆಗಳು. ಮೈಸೂರು ಸಂಸ್ಥಾನದ ಕಡೆ 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲ ಮರ ಕಡಿಯುವ ಸತ್ಯಾಗ್ರಹವೇ ನಡೆಯಿತು.

ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಈ ಸೀಮೆಗೆ 1949ರ ಮುಂಬೈ ಪಾನನಿರೋಧ ಕಾಯ್ದೆ ಬಂತು. 1956ರಲ್ಲಿ ಏಕೀಕರಣವಾಯಿತು. 1967ರಲ್ಲಿ ಮೈಸೂರು ರಾಜ್ಯ ಪಾನನಿರೋಧವನ್ನು ಹಿಂತೆಗೆದುಕೊಂಡಿತು. ಊರೂರಿಗೆ ಸಾರಾಯಿ ಪ್ಯಾಕೆಟ್ಟು ಬಂತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು.

ಇದೇ ವರ್ಷಗಳಲ್ಲಿ ಗರಡಿಯ ಬೆನ್ನಿಗಿದ್ದ ಕೈಗಳು ಒಂದೊಂದಾಗಿ ಸರಿದವು. ಸಂಸ್ಥಾನಗಳು ಮುಗಿದವು, 1971ರಲ್ಲಿ ರಾಜಧನವೂ ನಿಂತಿತು. ಹಳ್ಳಿಯ ಗೌಡರಿಗೆ, ದೇಸಾಯರಿಗೆ ಪೈಲ್ವಾನನನ್ನು ಸಾಕುವ ಶಕ್ತಿ ಉಳಿಯಲಿಲ್ಲ. ಎಮ್ಮೆಯ ಹಾಲು ಡೇರಿಗೆ ಹೋಗತೊಡಗಿತು, ಕುಪ್ಪೇಲೂರಿನ ಸುತ್ತ ಜೋಳದ ಹೊಲಗಳು ಗೋವಿನಜೋಳಕ್ಕೆ, ಹತ್ತಿಗೆ, ಬೀಜೋತ್ಪಾದನೆಗೆ ತಿರುಗಿದವು. ಯುಗಾದಿಯ ನಂತರದ ಜಾತ್ರೆಗಳಲ್ಲಿ ಕುಸ್ತಿ ಮಾತ್ರ ನಿಲ್ಲಲಿಲ್ಲ. ಹಲಗೆ ಬಡಿಯುತ್ತದೆ, ಜೋಡಿ ಕಟ್ಟುತ್ತಾರೆ, ಗೆದ್ದವನ ಕೈಗೆ ಬೆಳ್ಳಿ ಕಡಗ ಬೀಳುತ್ತದೆ. ಜಾತ್ರೆ ಮುಗಿದ ಮರುದಿನ ಅವನು ಏನು ತಿನ್ನುತ್ತಾನೆ ಎಂದು ಕೇಳುವವರು ಕಡಿಮೆಯಾದರು.

ಪೈಲ್ವಾನನ ಅಖಾಡದ ಆಯುಷ್ಯ ಸಣ್ಣದು. ಮೂವತ್ತೈದು ದಾಟುವಷ್ಟರಲ್ಲಿ ಮೊಣಕಾಲು, ಬೆನ್ನು ದೂರು ಹೇಳತೊಡಗುತ್ತವೆ. ಹಸಿವು ಮಾತ್ರ ಹಾಗೇ ಉಳಿಯುತ್ತದೆ, ದಂಡ ಹೊಡೆಯುವುದು ನಿಂತಿರುತ್ತದೆ, ಹೆಸರು ಕೂಗುತ್ತಿದ್ದ ಜನ ಬೇರೆಯವನ ಹೆಸರು ಕೂಗುತ್ತಿರುತ್ತಾರೆ. ಹಳ್ಳಿಗಳಲ್ಲಿ ಮಾಜಿ ಪೈಲ್ವಾನರನ್ನು ಬಾಟಲಿ ಹಿಡಿದದ್ದು ಹೆಚ್ಚಾಗಿ ಈ ತಿರುವಿನಲ್ಲಿ. ಇಪ್ಪತ್ತು ವರ್ಷ ಒಂದು ತೊಟ್ಟು ಮುಟ್ಟದವನು ನಲವತ್ತಕ್ಕೆ ಕುಡಿತಕ್ಕೆ ಬಿದ್ದರೆ ಅದನ್ನು ಅವನ ಮನೋಬಲದ ಸೋಲು ಎಂದು ಊರು ಆಡಿಕೊಳ್ಳುತ್ತದೆ. ಗರಡಿಯಲ್ಲಿ ಅವನ ವ್ರತವನ್ನು ಕಾಯುತ್ತಿದ್ದದ್ದು ಅವನೊಬ್ಬನ ಮನೋಬಲವಾಗಿರಲಿಲ್ಲ ಎಂಬುದನ್ನು ಊರು ಮರೆತಿರುತ್ತದೆ. ಮಾಜಿ ಪೈಲ್ವಾನರಿಗೆ ರಾಜ್ಯ ಸರ್ಕಾರ ಕೊಡುವ ಮಾಸಾಶನ ಒಳ್ಳೆಯ ಏರ್ಪಾಡು. ಆದರೆ ಮಾಸಾಶನ ಸಂಜೆಯ ಹೊತ್ತಿಗೆ ಜತೆಗಾರನಾಗುವುದಿಲ್ಲ.

ಈಗ ಖುರಾಕಿನ ಕೈ ಸರ್ಕಾರದ್ದು. ದಾವಣಗೆರೆಯಂಥ ಊರುಗಳ ಕ್ರೀಡಾ ವಸತಿ ನಿಲಯಗಳು, 1984ರಲ್ಲಿ ಹುಟ್ಟಿದ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಗಳು ಬಡ ಮನೆಯ ಮಕ್ಕಳಿಗೆ ಹಾಲು, ತತ್ತಿ, ತರಬೇತಿ ಒದಗಿಸುತ್ತಿವೆ. ಬಾಗಲಕೋಟೆಯ ಅರ್ಜುನ್ ಹಲಕುರ್ಕಿ 2020ರಲ್ಲಿ ನವದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನ ಗ್ರೀಕೊ ರೋಮನ್ 55 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದಾಗ ಉತ್ತರ ಕರ್ನಾಟಕದ ಗರಡಿಗಳೆಲ್ಲ ಎದೆಯುಬ್ಬಿಸಿದವು.

ಮಣ್ಣಿನಿಂದ ಮ್ಯಾಟಿಗೆ ಬಂದಾಗ ಹೊಸದೊಂದು ಅಪಾಯ ಬಂತು. ಮಣ್ಣಿನ ಕುಸ್ತಿಯಲ್ಲಿ ಕಣ್ಣಳತೆಯಲ್ಲೇ ಜೋಡಿ ಕಟ್ಟುತ್ತಿದ್ದರು, ಮೈ ದಪ್ಪವಾದಷ್ಟೂ ಮರ್ಯಾದೆ. ಮ್ಯಾಟಿನ ಮೇಲೆ ತಕ್ಕಡಿಯ ಮಾತೇ ಕೊನೆ. ಪಂದ್ಯದ ಹಿಂದಿನ ದಿನ ಹುಡುಗರು ನೀರು ಬಿಟ್ಟು, ಕಂಬಳಿ ಹೊದ್ದು ಓಡಿ, ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ ಕಿಲೋ ಇಳಿಸುತ್ತಾರೆ. ಆ ಮಾತ್ರೆಗಳು ನಿಷೇಧಿತ ಪಟ್ಟಿಯಲ್ಲಿವೆ ಎಂಬುದು ಎಷ್ಟೋ ಮಂದಿಗೆ ತಿಳಿಯುವುದು ಸಿಕ್ಕಿಬಿದ್ದ ಮೇಲೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುತ್ತಲೇ ಪ್ರಾಣಬಿಟ್ಟರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಫೈನಲ್ ತಲುಪಿಯೂ 100 ಗ್ರಾಂ ಹೆಚ್ಚು ತೂಗಿದ್ದಕ್ಕೆ ಬರಿಗೈಯಲ್ಲಿ ಬರಬೇಕಾಯಿತು.

ಕನ್ನಡತಿಯ ಕಥೆ ಇಲ್ಲಿ ಬರುತ್ತದೆ. ಉಡುಪಿ ಜಿಲ್ಲೆಯ ಸಿದ್ದಾಪುರದ ಕೃಷಿಕ ಮನೆತನದ ಅಶ್ವಿನಿ ಅಕ್ಕುಂಜಿ 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ 4×400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದರು. ನವೆಂಬರಿನಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ಎರಡೇ ತಿಂಗಳಲ್ಲಿ ಮೂರು ಬಂಗಾರ. ಮರುವರ್ಷ, 2011ರ ಮಧ್ಯದಲ್ಲಿ, ಅವರ ಮತ್ತು ಜತೆಯ ಓಟಗಾರ್ತಿಯರ ಮೂತ್ರದ ಮಾದರಿಯಲ್ಲಿ ಮೆಥಾಂಡಿನೋನ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ಉಕ್ರೇನಿನ ತರಬೇತುದಾರ ಯೂರಿ ಒಗೊರೊದ್ನಿಕ್ ತಂದುಕೊಟ್ಟ ಜಿನ್ಸೆಂಗ್ ಬೇರಿನ ಗುಳಿಗೆಯನ್ನು ನಂಬಿ ತಿಂದೆವು, ಅದರಲ್ಲಿ ಏನಿತ್ತೆಂದು ತಿಳಿದಿರಲಿಲ್ಲ ಎಂದು ಓಟಗಾರ್ತಿಯರು ವಾದಿಸಿದರು. ಒಗೊರೊದ್ನಿಕ್ ಕೆಲಸ ಹೋಯಿತು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ (ನಾಡಾ) ಶಿಸ್ತು ಸಮಿತಿ ಆ ವರ್ಷದ ಡಿಸೆಂಬರಿನಲ್ಲಿ ಕನಿಕರ ತೋರಿ ಒಂದು ವರ್ಷದ ನಿಷೇಧ ಹೇರಿತು. 2012ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ನಿಯಮ ಹೇಳುವುದು ಕಠಿಣವಾಗಿದೆ: ಕ್ರೀಡಾಳುವಿನ ಮೈಯೊಳಗೆ ಸಿಕ್ಕಿದ್ದಕ್ಕೆಲ್ಲ ಅವನೇ, ಅವಳೇ ಹೊಣೆ. ಕೊಟ್ಟವರು ಯಾರೆಂಬುದು ಶಿಕ್ಷೆಯನ್ನು ಒಂದಿಷ್ಟು ಕಡಿಮೆ ಮಾಡಬಹುದು, ತಪ್ಪನ್ನು ಅಳಿಸುವುದಿಲ್ಲ. ಗುರು ಕೊಟ್ಟದ್ದನ್ನು ಕೇಳದೆ ತಿನ್ನು ಎಂದು ನೂರಾರು ವರ್ಷ ಕಲಿಸಿದ ನಾಡಿನ ಮಕ್ಕಳಿಗೆ ಈ ನಿಯಮವನ್ನು ಮೊದಲೇ ಕೂರಿಸಿ ಹೇಳಿಕೊಡಬೇಕಿತ್ತು. ಹೇಳಿಕೊಡದೆ ಓಡಿಸಿದ್ದು ವ್ಯವಸ್ಥೆಯ ದೊಡ್ಡ ತಪ್ಪು. ಹತ್ತು ವರ್ಷಗಳ ನಂತರವೂ ಅದನ್ನು ತಿದ್ದಿರಲಿಲ್ಲ. ಕರ್ನಾಟಕದ ಇನ್ನೊಬ್ಬ ಹೆಸರಾಂತ ಓಟಗಾರ್ತಿ ಎಂ.ಆರ್. ಪೂವಮ್ಮ 2021ರಲ್ಲಿ ಮೀಥೈಲ್‌ಹೆಕ್ಸೇನಮೈನ್ ಎಂಬ ಉತ್ತೇಜಕಕ್ಕಾಗಿ ಪರೀಕ್ಷೆಯಲ್ಲಿ ಸಿಕ್ಕಿ, 2022ರಲ್ಲಿ ಎರಡು ವರ್ಷದ ನಿಷೇಧಕ್ಕೆ ಒಳಗಾದರು. ಈ ವಸ್ತು ಪೌಷ್ಟಿಕ ಪುಡಿಗಳಲ್ಲಿ ಅಡಗಿ ಬರುವುದು ಜಗತ್ತಿನೆಲ್ಲೆಡೆ ಕಂಡ ಸಂಗತಿ.

2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ನಡೆದದ್ದು ನಂಬಲು ಕಷ್ಟ. ರಾಜ್ಯ ಮಟ್ಟದ ಅಥ್ಲೆಟಿಕ್ಸ್ ಕೂಟದ ಕೊನೆಯ ದಿನ ನಾಡಾ ಅಧಿಕಾರಿಗಳು ಬಂದಿದ್ದಾರೆ ಎಂಬ ಸುದ್ದಿ ಹರಡಿತು. ಶೌಚಾಲಯದಲ್ಲಿ ಬಳಸಿ ಎಸೆದ ಸಿರಿಂಜುಗಳ ವಿಡಿಯೊ ಅಷ್ಟರಲ್ಲಾಗಲೇ ಓಡಾಡುತ್ತಿತ್ತು. ಪುರುಷರ 100 ಮೀಟರ್ ಫೈನಲ್ಲಿಗೆ ಎಂಟು ಗೆರೆಗಳಲ್ಲಿ ಒಬ್ಬನೇ ಬಂದು ನಿಂತ. ಪಿಸ್ತೂಲು ಸಿಡಿಯಿತು, ಅವನೊಬ್ಬನೇ ಓಡಿದ, ಅವನೊಬ್ಬನೇ ಗೆರೆ ದಾಟಿದ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಲೆಕ್ಕದಲ್ಲಿ ಆ ವರ್ಷ ಭಾರತ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213 ದೋಷಪೂರಿತ. ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ನಡೆಸುವ ದೇಶಗಳಲ್ಲಿ ಇಷ್ಟು ಹೆಚ್ಚಿನ ಪ್ರಮಾಣ ಬೇರೆಲ್ಲೂ ಇರಲಿಲ್ಲ. 2022ರಲ್ಲೇ ಸಂಸತ್ತು ಇದಕ್ಕೆಂದು ಕಾಯ್ದೆ ಮಾಡಿತ್ತು.

ಉದ್ದೀಪನ ಮದ್ದನ್ನು ಬರೀ ಮೋಸ ಎಂದು ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಅದು ಚಟವೂ ಹೌದು. ರಕ್ತದೊತ್ತಡ ಕುಸಿದ ರೋಗಿಗೆ ಕೊಡುವ ಮೆಫೆಂಟರ್‌ಮಿನ್ ಚುಚ್ಚುಮದ್ದನ್ನು ಜಿಮ್ಮಿನ ಹುಡುಗರು, ಆಟಗಾರರು ಹುಮ್ಮಸ್ಸಿಗೆಂದು ಚುಚ್ಚಿಕೊಂಡು ಬಿಡಲಾರದ ಸ್ಥಿತಿಗೆ ಬಂದದ್ದನ್ನು ಭಾರತದ ಮನೋವೈದ್ಯರು ದಾಖಲಿಸಿದ್ದಾರೆ. ನೋವು ನುಂಗಿ ಆಡಲು ತೆಗೆದುಕೊಳ್ಳುವ ಟ್ರಮಡಾಲ್ ಅಫೀಮಿನ ಗುಣದ ಮಾತ್ರೆ. 2024ರ ಜನವರಿಯಿಂದ ಪಂದ್ಯದ ವೇಳೆ ಅದೂ ನಿಷಿದ್ಧ. ಹಳೆಯ ಥಂಡಾಯಿಯ ಗಸಗಸೆ ಕೂಡ ಅದೇ ಅಫೀಮಿನ ಗಿಡದ ಬೀಜ. ಅದರಲ್ಲಿ ಮಾರ್ಫಿನ್ ಲೇಶಮಾತ್ರ ಇರಬಹುದು, ಪರೀಕ್ಷೆಗೆ ಒಳಗಾಗುವವರು ಅದನ್ನೂ ಗಮನಿಸಬೇಕು. ಸ್ಟೆರಾಯ್ಡ್ ಬಿಟ್ಟ ಹುಡುಗನ ಮೈ ಇಳಿಯುತ್ತದೆ, ಮನಸ್ಸು ಕುಗ್ಗುತ್ತದೆ, ಮತ್ತೆ ಅದೇ ಸೂಜಿಗೆ ಕೈ ಹೋಗುತ್ತದೆ. ಇನ್ನೊಂದು ಚಟ, ಸಂಜೆಯ ಬೆಟ್ಟಿಂಗ್, ಫೋನಿನಲ್ಲೇ ಇತ್ತು. 2025ರಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಕೇಂದ್ರದ ಕಾಯ್ದೆ ನಿಷೇಧಿಸಿತು. ಗೆದ್ದ ಬಹುಮಾನ, ವೃತ್ತಿಯ ಲೀಗಿನಿಂದ ಬಂದ ಮೊದಲ ದುಡ್ಡು, ಕೈಯಲ್ಲಿ ಕೆಲಸವಿಲ್ಲದ ಸಂಜೆ ಇವು ಸೇರಿದ ಕಡೆ ಹುಡುಗನಿಗೆ ಕಾವಲು ಬೇಕು.

ಹಾವೇರಿ ಜಿಲ್ಲೆಯ ಗರಡಿಗಳು ಇಂದಿಗೂ ಪೂರ್ತಿ ಮುಚ್ಚಿಲ್ಲ. ಅವುಗಳ ಪಕ್ಕದಲ್ಲಿ ಕನ್ನಡಿ ಗೋಡೆಯ ಜಿಮ್ಮುಗಳು ಎದ್ದಿವೆ, ಅಲ್ಲಿಯ ಕಪಾಟಿನಲ್ಲಿ ದೊಡ್ಡ ದೊಡ್ಡ ಡಬ್ಬಿಗಳಿವೆ. ಅಲ್ಲಿ ಖುರಾಕು ಕೊಡುವ ಕೈ ಆ ಡಬ್ಬಿ ಮಾರುವವನದು. ಅವನಿಗೆ ಹುಡುಗನ ಹೆಸರು ಗೊತ್ತು, ಊರು ಗೊತ್ತಿಲ್ಲ. ಮುಂಜಾನೆ ಮೈ ಯಾಕೆ ಭಾರವಾಗಿದೆ ಎಂದು ಅವನು ಕೇಳುವುದಿಲ್ಲ.

ಹಾಗಾಗಿ ಮನೆಯವರಲ್ಲಿ, ವಸ್ತಾದರಲ್ಲಿ ಒಂದು ಬಿನ್ನಹ. ಕುಪ್ಪೇಲೂರು ಕಡೆಯ ಹುಡುಗನೋ ಹುಡುಗಿಯೋ ಈ ವರ್ಷ ಅಖಾಡಕ್ಕೆ ಇಳಿದಿದ್ದರೆ, ಅವರು ನುಂಗುವ ಪ್ರತಿ ಮಾತ್ರೆಯ ಹೆಸರನ್ನು ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪಿನಲ್ಲಿ ಒಮ್ಮೆ ಹಾಕಿ ನೋಡಿ. ಪುಡಿಯ ಡಬ್ಬಿಯ ಬದಲು ಆ ಹಣಕ್ಕೆ ಹಾಲು, ತತ್ತಿ, ಶೇಂಗಾ, ಹೆಸರುಕಾಳು ತನ್ನಿ. ಈಗಾಗಲೇ ಚಟಕ್ಕೆ ಸಿಕ್ಕವರನ್ನು ಬೈದು ಹೊರಗೆ ಹಾಕಬೇಡಿ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯಲ್ಲಿ ಚಿಕಿತ್ಸೆಯಿದೆ, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446, ತಂಬಾಕು ಬಿಡಲು 1800-11-2356. ಎರಡಕ್ಕೂ ಕರೆ ಉಚಿತ.